ತಡಸ ದಾಟುವ ಮೊದಲು ಒಪ್ಪಿಕೊಂಡ ಮಾತು

ಅಕ್ಕನ ಬಲಗೈ ಮಣಿಕಟ್ಟಿನಿಂದ ಕೆಳಗೆ ಹೋಯಿತು. ಗೋವಿನಜೋಳ ಬಿಡಿಸುವ ಯಂತ್ರದ ಪಟ್ಟಾಕ್ಕೆ, ಎಂದರೆ ಬೆಲ್ಟಿಗೆ, ತಗಡಿನ ಮುಚ್ಚಳ ಇರಲಿಲ್ಲ, ಅದಕ್ಕೇ ಹೋಯಿತು. ತೆನೆ ಸಿಕ್ಕಿಕೊಂಡಾಗಲೆಲ್ಲ ಮುಚ್ಚಳ ಬಿಚ್ಚಿ ಮತ್ತೆ ಹಾಕುವುದಕ್ಕೆ ಹೊತ್ತು ಹಿಡಿಯುತ್ತಿತ್ತು. ಅಷ್ಟು ಹೊತ್ತು ಉಳಿದರೆ ಸಂಜೆಯೊಳಗೆ ಇನ್ನೊಬ್ಬ ರೈತನ ಕಣ ಮುಗಿಸಬಹುದು ಎಂದು ಅದನ್ನು ಪೂರ್ತಿ ಕಿತ್ತಿಟ್ಟಿದ್ದರು. ಇದು ಮೊದಲನೆಯ ನಷ್ಟ. ಎರಡನೆಯದು ಹುಬ್ಬಳ್ಳಿಯ ದಾರಿಯಲ್ಲಿ, ಓಡುವ ಗಾಡಿಯೊಳಗೆ ಆಯಿತು. ದುಡಿಯುವಾಗ ಕೈ ಹೋದರೆ ಕೆಲಸ ಕೊಟ್ಟವರು ಪರಿಹಾರ ಕೊಡಬೇಕೆಂದು ಸರ್ಕಾರದ ಕಾಯ್ದೆ ಇದೆ. ಅಂದು ಗಾಡಿಯೊಳಗೆ ಒಪ್ಪಿಕೊಂಡ ಒಂದು ಮಾತಿನಿಂದ ಆ ಪರಿಹಾರವೂ ಕೈಬಿಡುವ ಹಾಗಾಯಿತು. ಹೇಗೆ ಎಂದು ಬರೆಯುತ್ತೇನೆ. ನಿಮ್ಮ ಮನೆಯಿಂದಲೂ ಯಾರಾದರೂ ಕೂಲಿಗೆ ಹೋಗುತ್ತಿದ್ದರೆ ಓದಿಕೊಳ್ಳಿ.

ನಾನು ಗೋವಿನಜೋಳದ ವ್ಯಾಪಾರದವನು. ಸವಣೂರಿನ ಪೇಟೆಯಲ್ಲಿ ಚೀಲ ಹೊತ್ತು ಶುರು ಮಾಡಿದೆ. ಹೊರುತ್ತಲೇ ಕಿವಿ ತೆರೆದಿಟ್ಟುಕೊಂಡಿದ್ದೆ. ಯಾರು ಹೇಗೆ ದರ ಕೇಳುತ್ತಾರೆ, ಯಾರು ಎದ್ದು ಹೋಗುವ ಹಾಗೆ ಮಾಡಿ ಬಾಗಿಲಲ್ಲಿ ನಿಲ್ಲುತ್ತಾರೆ ಎಂದು ನೋಡಿ ಕಲಿತೆ. ಈಗ ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ಎಲ್ಲ ಕಡೆ ಬೈಕಿನಲ್ಲಿ ತಿರುಗುತ್ತೇನೆ. ರಾಶಿಯ ನಡುವಿನಿಂದ ಕಾಳು ತೆಗೆದು ಹಲ್ಲಿನಲ್ಲಿ ಕಡಿದರೆ ಎಷ್ಟು ಹಸಿ ಇದೆ ಎಂದು ಗೊತ್ತಾಗುತ್ತದೆ. ಎದುರಿನವನ ಮುಖ ನೋಡಿದರೆ ಎಷ್ಟಕ್ಕೆ ಒಪ್ಪುತ್ತಾನೆ ಎಂದೂ ಗೊತ್ತಾಗುತ್ತದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಚೌಕಾಸಿ ಬರುವವನ ಮನೆಯಲ್ಲೇ ಹೀಗಾಯಿತು ಎಂದರೆ, ಬಾರದವರ ಗತಿ ಏನು ಎಂದು ತಿಳಿಯಲಿ ಎಂದು ಹೇಳಿದೆ.

ಅಕ್ಕ ಮತ್ತು ಅವಳ ಗಂಡ ಇಬ್ಬರೂ ಯಂತ್ರದ ಗ್ಯಾಂಗಿನಲ್ಲಿದ್ದರು. ಅಕ್ಕನ ಗಂಡನನ್ನು ನಾನು ಮಾವ ಎನ್ನುತ್ತೇನೆ. ಟ್ರ್ಯಾಕ್ಟರಿನ ಹಿಂದೆ ಯಂತ್ರ ಕಟ್ಟಿಕೊಂಡು, ಮುಂಗಾರಿನ ಪೀಕು ಕೈಗೆ ಬಂದ ಮೇಲೆ ಊರೂರು ಸುತ್ತುವುದು ಅವರ ಕೆಲಸ. ಮಾವ ತುಂಬಿದ ಚೀಲದ ಬಾಯಿ ಹೊಲಿಯುತ್ತಿದ್ದರು. ಅಕ್ಕ ಯಂತ್ರದ ಬಾಯಿಗೆ ತೆನೆ ಕೊಡುತ್ತಿದ್ದಳು. ತೆನೆ ಕೊಡುವುದು ಸುಲಭದ ಕೆಲಸ ಅಲ್ಲ. ಒಂದೇ ಸಮ ಕೊಡಬೇಕು. ಹೆಚ್ಚಾದರೆ ಸಿಕ್ಕಿಕೊಳ್ಳುತ್ತದೆ, ಕಡಿಮೆಯಾದರೆ ಟ್ರ್ಯಾಕ್ಟರ್ ಸುಮ್ಮನೆ ಡೀಸೆಲ್ ಕುಡಿಯುತ್ತದೆ. ತೆನೆಯ ಒಣ ಸಿಪ್ಪೆ, ಆ ರವದಿಯ ಧೂಳು ಮೈಗೆ ಹತ್ತಿದರೆ ತುರಿಕೆ ತಡೆಯಲಾಗುವುದಿಲ್ಲ. ಅದಕ್ಕೆ ನಮ್ಮ ಕಡೆಯ ಹೆಂಗಸರು ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು ದುಡಿಯುತ್ತಾರೆ.

ಒಮ್ಮೆ ಹತ್ತಿಮತ್ತೂರಿನ ಒಂದು ಕಣದಲ್ಲಿ ನಾನು ದರ ಮಾಡಲು ಹೋದಾಗ ಅದೇ ಯಂತ್ರ ಓಡುತ್ತಿತ್ತು. ಅಕ್ಕ ಮುಖಕ್ಕೆ ಸೆರಗು ಸುತ್ತಿ ನಿಂತಿದ್ದಳು, ಕಣ್ಣಷ್ಟೇ ಕಾಣುತ್ತಿತ್ತು.

"ಅಕ್ಕಾ, ಮಾವನ ಅಂಗಿ ನಿನಗ ಭಾರೀ ಒಪ್ಪೈತಿ ನೋಡು," ಎಂದೆ.

"ಒಪ್ಪಲಾರದ ಏನು? ಅವ್ರ ಮೈಯಾಗಿದ್ದಾಗ ದುಡದಿದ್ದಿಲ್ಲ, ನನ್ನ ಮೈಗೆ ಬಂದ ಮ್ಯಾಲ ದುಡ್ಯಾಕತ್ತೈತಿ," ಎಂದಳು. ಹೆಂಗಸರೆಲ್ಲ ನಕ್ಕರು. ಚೀಲ ಹೊಲಿಯುತ್ತಿದ್ದ ಮಾವನೂ ತಲೆ ಎತ್ತದೆ ನಕ್ಕರು. "ನೀ ಬಾಯಿ ಮುಚ್ಚಿ ನಿಂತು ದರ ಮಾಡು ತಮ್ಮಾ. ಬಿಡಸಾವ್ರು ನಾವು, ಲಾಭ ಉಣ್ಣಾಂವ ನೀನು."

ಅವಳ ಕೈ ಹೋದದ್ದು ಹಾನಗಲ್ಲಿನ ಹತ್ತಿರದ ಒಂದು ಹೊಲದಲ್ಲಿ. ನಾನು ಅಲ್ಲಿರಲಿಲ್ಲ, ಕಂಡವರು ಹೇಳಿದ್ದನ್ನು ಬರೆಯುತ್ತಿದ್ದೇನೆ. ತೆನೆ ಹಸಿಯಿತ್ತು, ಮೇಲಿಂದ ಮೇಲೆ ಸಿಕ್ಕಿಕೊಳ್ಳುತ್ತಿತ್ತು. ಟ್ರ್ಯಾಕ್ಟರ್ ಬಂದ್ ಮಾಡದೆ ಸಿಕ್ಕಿಕೊಂಡ ತೆನೆಯ ಬೆಂಡು ಎಳೆದು ತೆಗೆಯುವುದೇ ರೂಢಿ. ಅಕ್ಕ ಬಗ್ಗಿ ಎಳೆಯುವಾಗ ಅಂಗಿಯ ತೋಳಿನ ತುದಿ ಪಟ್ಟಾದ ಕೆಳಗೆ ಹೋಯಿತು. ಗುಂಡಿ ಹರಿದಿದ್ದ ತೋಳು ಅದು. ಬಟ್ಟೆಯ ಹಿಂದೆ ಕೈ ಹೋಯಿತು. ಟ್ರ್ಯಾಕ್ಟರಿನವನು ಬಂದ್ ಮಾಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಯಂತ್ರದ ಯಜಮಾನ ಅಲ್ಲೇ ಇದ್ದ. ಅವನು ನಮ್ಮೂರವನೇ, ಎಲ್ಲರೂ ಸಾವ್ಕಾರ್ರ ಎನ್ನುತ್ತಾರೆ. ತಡಮಾಡಲಿಲ್ಲ, ಅದನ್ನು ಒಪ್ಪಬೇಕು. ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಅಕ್ಕನನ್ನು ಮಲಗಿಸಿ, ಅವಳ ತಲೆ ಮಾವನ ತೊಡೆಯ ಮೇಲಿಟ್ಟು ಹುಬ್ಬಳ್ಳಿಗೆ ಹೊರಟ. ಅಕ್ಕನಿಗೆ ಅರೆ ಎಚ್ಚರವಿತ್ತು. ಗಾಡಿಯಲ್ಲಿ ನಡೆದ ಮಾತನ್ನು ಮುಂದೆ ನನಗೆ ಹೇಳಿದವಳು ಅವಳೇ.

"ನೋಡಪಾ," ಎಂದನಂತೆ ಯಜಮಾನ, ಹಿಂದೆ ತಿರುಗದೆ. "ದವಾಖಾನಿಯಾಗ ಕೇಳ್ತಾರ. ಮಷೀನಿನ್ಯಾಗ ಸಿಕ್ಕಿತು ಅಂದಿ ಅಂದ್ರ ಪೊಲೀಸ್ರು ಬರ್ತಾರ. ಮಷೀನ್ ಎಳಕೊಂಡು ಹೋಗಿ ಸ್ಟೇಷನ್ ಮುಂದ ನಿಲ್ಲಸ್ತಾರ. ಹಂಗಾಮ ಮುಗ್ಯೂತನ ಬಿಡೂದಿಲ್ಲ. ನಿನ್ನ ಕೂಡ ಬರೂ ಹೆಣ್ಮಕ್ಳ ಹೊಟ್ಟಿ ಮ್ಯಾಲ ಹೊಡದಂಗ ಆಕ್ಕೈತಿ."

"ಹೌದ್ರಿ," ಎಂದರಂತೆ ಮಾವ.

"ಮನ್ಯಾಗ ದನಕ್ಕ ಕಣಿಕಿ ಕತ್ತರಸೂ ಮಷೀನಿಗೆ ಸಿಕ್ಕಿತು ಅನ್ನು. ಖರ್ಚಿನ ಚಿಂತಿ ಬ್ಯಾಡ. ನಾ ಅದೀನಿ."

"ಆತ್ರಿ ಸಾವ್ಕಾರ್ರ."

ಹುಬ್ಬಳ್ಳಿ ದಾರಿಯ ನಡುವಿನ ಊರು ತಡಸ; ಅದನ್ನು ದಾಟುವ ಮೊದಲು ಈ ಮಾತು ಮುಗಿದಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, ಯಜಮಾನ ಕಲಿಸಿದ ಹಾಗೇ ಮಾವ ಹೇಳಿದರು, ಡಾಕ್ಟರು ಬರೆದುಕೊಂಡರು.

ಮಾವನನ್ನು ಬೈಯುವ ಮೊದಲು ಒಂದು ಮಾತು ತಿಳಿಯಬೇಕು. ಇದು ನಮ್ಮ ಕಡೆಯ ರೂಢಿ. ಇನ್ನೊಬ್ಬರ ಕೆಲಸದಲ್ಲಿ ಪೆಟ್ಟಾದರೆ ಅವರ ಹೆಸರನ್ನು ಆಸ್ಪತ್ರೆಯಲ್ಲಿ ಎತ್ತುವುದು ಮರ್ಯಾದೆಯಲ್ಲ ಎಂದು ಎಲ್ಲರೂ ತಿಳಿದಿದ್ದಾರೆ. ಉಂಡ ಮನೆಗೆ ಪೊಲೀಸರನ್ನು ಕರೆದುಕೊಂಡು ಬಂದ ಎನ್ನಿಸಿಕೊಳ್ಳಲು ಯಾರಿಗೂ ಮನಸ್ಸಿಲ್ಲ. ನಾನು ಚೀಲ ಹೊರುತ್ತಿದ್ದ ಕಾಲದಲ್ಲಿ ಜೊತೆಯವನೊಬ್ಬನ ಮೇಲೆ ಎತ್ತರಕ್ಕೆ ಒಟ್ಟಿದ್ದ ಚೀಲದ ಥಪ್ಪಿಯೇ ಉರುಳಿ ಸೊಂಟ ಮುರಿಯಿತು. ಆಸ್ಪತ್ರೆಯಲ್ಲಿ ಅವನು ಬೇವಿನ ಮರದಿಂದ ಬಿದ್ದೆ ಎಂದ. ಮನೆ ಕಟ್ಟುವ ಕಡೆ ಮೇಲಿಂದ ಬಿದ್ದವಳು ಸ್ವಂತ ಮನೆಯ ಮಾಳಿಗೆಯಿಂದ ಬಿದ್ದೆ ಎಂದಳು. ಅವಳದು ತಗಡಿನ ಶೆಡ್ಡು, ಮಾಳಿಗೆ ಎಲ್ಲಿಂದ ಬರಬೇಕು. ಆಸ್ಪತ್ರೆಯ ದಾಖಲೆ ನೋಡಿದರೆ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಕೆಲಸದ ಮೇಲೆ ಯಾರಿಗೂ ಏನೂ ಆಗುವುದಿಲ್ಲ. ಎಲ್ಲರೂ ಮನೆಯಲ್ಲೇ ಬೀಳುತ್ತಾರೆ.

ನಾನು ಆಸ್ಪತ್ರೆ ಮುಟ್ಟಿದಾಗ ಆಪರೇಷನ್ ನಡೆದಿತ್ತು. ಮಾವ ವರಾಂಡದಲ್ಲಿ ಕುಂತಿದ್ದರು, ಪಂಚೆಯ ಮೇಲೆಲ್ಲ ರಕ್ತ ಒಣಗಿತ್ತು. ಮೊದಲು ಹೇಳಿದ್ದೇ ಇದನ್ನು: "ಯಾರ ಹೆಸರೂ ಹೇಳಲಿಲ್ಲಪಾ. ಮಷೀನ್ ಉಳೀತು." ಯಾರದೋ ದೊಡ್ಡ ವಸ್ತು ಜೋಪಾನ ಮಾಡಿದವರ ಹಾಗೆ ಹೇಳಿದರು. ವ್ಯಾಪಾರದಲ್ಲಿ ದರ ಮುಗಿಯುವ ತನಕ ಮಾಲು ಕೈಬಿಡಬಾರದು. ಇಲ್ಲಿ ದರದ ಮಾತೇ ಎದ್ದಿಲ್ಲ, ಮಾಲು ಆಗಲೇ ಎದುರಿನವನ ಕೈ ಸೇರಿತ್ತು.

"ಈಗರ ಖರೇ ಹೇಳೂಣ ನಡೀರಿ," ಎಂದೆ.

"ಒಮ್ಮೆ ಆಡಿದ್ದು ಆತು. ಸಾವ್ಕಾರ್ರು ಅದೀನಿ ಅಂದಾರ," ಎಂದು ಮುಖ ತಿರುಗಿಸಿದರು.

ಯಜಮಾನ ಮೊದಮೊದಲು ಇದ್ದದ್ದು ನಿಜ. ಆಸ್ಪತ್ರೆಯ ಬಿಲ್ಲು ಕಟ್ಟಿದ. ಮನೆಗೆ ಅಕ್ಕಿ ಕಳಿಸಿದ, ಒಂದೆರಡು ಸಲ ಬಂದು ಬಾಗಿಲಲ್ಲಿ ನಿಂತು ಅಕ್ಕನನ್ನು ಮಾತಾಡಿಸಿದ. ಗಾಯ ಮಾಗಿದ ಮೇಲೆ ಅಕ್ಕಿ ನಿಂತಿತು. ಆಮೇಲೆ ಅವನು ನಮ್ಮ ಓಣಿಗೆ ಬರುವುದೂ ನಿಂತಿತು. ಮನುಷ್ಯ ಕೆಟ್ಟವನಲ್ಲ, ಕೊಡಲೇಬೇಕು ಎನ್ನುವುದಿಲ್ಲದಿದ್ದರೆ ಒಳ್ಳೆಯತನ ಎಷ್ಟು ದಿನ ಬಾಳುತ್ತದೆಯೋ ಅಷ್ಟು ದಿನ ಬಾಳಿತು.

ಅಕ್ಕ ಒಂದು ಮುಂಜಾನೆ ಎಡಗೈಯಲ್ಲಿ ಹಿಟ್ಟು ನಾದಲು ಹೋಗಿ ಪರಾತವನ್ನೇ ಚೆಲ್ಲಿದಳು. ಅಂದು ನಾನು ಯಜಮಾನನ ಮನೆಗೆ ಹೋದೆ.

ಚಹಾ ಬಂತು. ನಾನು ಕುಡಿಯಲಿಲ್ಲ. ಚೌಕಾಸಿಗೆ ಹೋದಾಗ ಅವರ ಚಹಾ ಕುಡಿಯಬಾರದು, ಇದನ್ನು ನೆನಪಿಡಿ.

"ಸಾವ್ಕಾರ್ರ, ಅಕ್ಕನ ಬಾಳೇದ ದಾರಿ ಏನು ಮಾಡೀರಿ?"

"ಏನ್ ಮಾಡೂದಪಾ? ಕೈಲಾದಷ್ಟು ಮಾಡೇನಿ."

"ಕಾಯ್ದೆ ಪ್ರಕಾರ ಪರಿಹಾರ ಅಂತ ಐತ್ರಿ. ಅಷ್ಟು ಬ್ಯಾಡ, ಕುಂತು ಮಾತಾಡೂಣು."

ಅವನು ನಕ್ಕ. "ಕಾಯ್ದೆ ಓದಾಕ ಯಾವಾಗ ಹತ್ತಿದಿಯೋ? ನಿಮ್ಮ ಮನ್ಯಾಗಿನ ಮಷೀನಿಗೆ ನಿಮ್ಮಕ್ಕನ ಕೈ ಸಿಕ್ಕರ ನಾ ಯಾಕ ಕೊಡ್ಲಿ? ದವಾಖಾನಿ ಕಾಗದ ತಗಿ, ಏನ್ ಬರದಾರ ನೋಡು. ನಿಮ್ಮ ಮಾವನೇ ಹೇಳ್ಯಾನ, ನಾ ಹೇಳೇನೇನು?"

ಮಾಡಿದ ಉಪಕಾರಕ್ಕೆ ಹೀಗೆ ತಿರುಗಿ ಬೀಳುವುದೇ ಎಂದು ಬೈದು ಕಳಿಸಿದ. ಇಷ್ಟು ವರ್ಷ ದರ ಕುದುರಿಸಿದವನು ನಾನು. ಅಂದು ಮೆಟ್ಟಿಲಿಳಿಯುವಾಗ ನನ್ನಲ್ಲಿ ಕುದುರಿಸಲು ಏನೂ ಇರಲಿಲ್ಲ.

ಕಾರ್ಮಿಕ ಅಧಿಕಾರಿಯ ಕಚೇರಿಗೆ ಅರ್ಜಿ ಹಾಕಿದೆವು. ಅಧಿಕಾರಿ ಮೈಸೂರು ಕಡೆಯ ಹೆಣ್ಣುಮಗಳು, ಮಾತು ಕಡಿಮೆ. ಹೊಲದ ಕೆಲಸವಾದರೂ ಟ್ರ್ಯಾಕ್ಟರಿನ ಬಲದಿಂದ ಓಡುವ ಯಂತ್ರದ ಮೇಲೆ ದುಡಿದವರಿಗೆ ಪರಿಹಾರ ಉಂಟು, ಖಾಯಂ ಕೆಲಸದವರೇ ಆಗಬೇಕೆಂದಿಲ್ಲ ಎಂದು ತಿಳಿಸಿ ಹೇಳಿದರು. ಕೊನೆಗೆ, "ಆದರೆ ಕೆಲಸದ ಮೇಲೇ ಆಯಿತು ಅಂತ ತೋರಿಸಬೇಕಲ್ಲ. ಆಸ್ಪತ್ರೆಯವರು ಮನೆ ಅಂತ ಬರೆದಿದ್ದಾರೆ. ಕಂಡವರು ಯಾರಾದರೂ ಬಂದು ಹೇಳ್ತಾರಾ?" ಎಂದರು.

ಕಂಡವರು ಬೇಕಾದಷ್ಟು ಜನ ಇದ್ದರು. ಗ್ಯಾಂಗಿನ ಹೆಂಗಸರ ಮನೆ ಮನೆಗೆ ಹೋದೆ. ಅತ್ತರು, ಅಕ್ಕನ ಗುಣ ಹಾಡಿದರು. "ಬರ್ತೀರೇನು?" ಎಂದರೆ ಒಲೆ ನೋಡಲು ಒಳಗೆ ಎದ್ದು ಹೋದರು. ಒಬ್ಬಳು ನೇರವಾಗಿ ಕೇಳಿದಳು: "ಬಂದು ಹೇಳ್ತೇನಿ ಅಣ್ಣಾ. ನಾಳಿಂದ ನಿನ್ನ ಬೈಕಿನ ಹಿಂದ ಕುಂದರಸ್ಕೊಂಡು ಕೂಲಿಗೆ ಕರಕೊಂಡು ಹೋಗ್ತಿಯೇನು?" ಹಾನಗಲ್ಲಿನ ಹೊಲದ ಮಾಲಕ ನಿವೃತ್ತ ಮಾಸ್ತರರು. ಬಹಳ ಮರುಗಿದರು. "ಕಣ್ಣಾರೆ ಕಂಡೇನಿ. ಆದ್ರ ನೋಡ್ರಿ, ಬರೂ ವರ್ಷ ಆ ಮಷೀನ್ ನನ್ನ ಕಣಕ್ಕ ಬರಬೇಕಲ್ಲ. ಮಳಿಯಾಗ ತೆನಿ ಮೊಳಕಿ ಒಡದ್ರ ನೀವು ಬಂದು ಬಿಡಸ್ತೀರೇನು?" ಎಂದರು. ಕಡೆಗೆ ಒಬ್ಬ ಮುದುಕಿ ಒಪ್ಪಿದಳು. ವಿಚಾರಣೆಯ ದಿನ ಅವಳ ಮನೆಗೆ ಬೀಗ. ಯಂತ್ರ ಹಿರೇಕೆರೂರಿನ ಕಡೆ ಹೋಗಿತ್ತು, ಅದರ ಹಿಂದೆ ಅವಳೂ ಹೋಗಿದ್ದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಹಾಗಾಗಿ ವಿಚಾರಣೆಗೆ ಹೋದದ್ದು ನಾವು ಮೂವರೇ. ಯಜಮಾನ ತನ್ನ ವಕೀಲನ ಜೊತೆ ಬಂದಾಗ ಮಾವ ಬೆಂಚಿನಿಂದ ಎದ್ದು ನಿಂತರು. ಅಕ್ಕ ಎಡಗೈಯಿಂದ ಪಂಚೆ ಜಗ್ಗಿ ಕೂರಿಸಿದಳು.

ಮೊದಲು ಅಕ್ಕ ಹೇಳಿದಳು. ವಕೀಲ ಆಸ್ಪತ್ರೆಯ ಕಾಗದ ಓದಿ, "ಮನೆಯಲ್ಲಿ ಕಣಿಕೆ ಕತ್ತರಿಸುವ ಯಂತ್ರಕ್ಕೆ ಸಿಕ್ಕಿದೆ ಎಂದು ಗಂಡನೇ ಹೇಳಿದ್ದಾನೆ," ಎಂದ.

"ಅಲ್ರೀ ವಕೀಲ್ರ," ಎಂದಳು ಅಕ್ಕ. "ನಮ್ಮ ಮನ್ಯಾಗ ಎಮ್ಮಿ ಇಲ್ಲ, ಆಕಳ ಇಲ್ಲ, ಒಂದು ಆಡೂ ಇಲ್ಲ. ಕಣಿಕಿ ಕತ್ತರಿಸಿ ಯಾರಿಗೆ ಹಾಕ್ಲಿ? ಇವ್ರಿಗೆ ಹಾಕ್ಲೇನು?" ಎಂದು ಮಾವನ ಕಡೆ ತೋರಿಸಿದಳು. ಅಧಿಕಾರಿ ನಗು ತಡೆದುಕೊಂಡು ಬರೆದುಕೊಂಡರು.

ಸಾಕ್ಷಿಯ ಹಿಂದೆ ತಿರುಗಿ ತಿರುಗಿ ಚಪ್ಪಲಿ ಸವೆಸಿದ್ದ ನನಗೆ ಇದು ಹೊಳೆದೇ ಇರಲಿಲ್ಲ. ವಕೀಲ ಮಾತ್ರ ಸೋಲುವ ಆಸಾಮಿಯಲ್ಲ. "ಸ್ವಂತದ್ದಲ್ಲ ಮೇಡಂ, ಪಕ್ಕದ ಮನೆಯವರ ಯಂತ್ರ. ಅಲ್ಲಿಗೆ ಕೆಲಸಕ್ಕೆ ಹೋಗಿದ್ದಾಗ ಆಗಿದೆ," ಎಂದ.

ಅಧಿಕಾರಿ ಮಾವನ ಕಡೆ ತಿರುಗಿದರು. "ಹೌದಾ? ಯಾರ ಮನೆ ಅದು? ಅವರನ್ನೂ ಕರೆಸಿ ಕೇಳ್ತೀನಿ."

ಯಜಮಾನ ಮಾವನನ್ನೇ ನೋಡುತ್ತಿದ್ದ. ಮಾವ ಯಾವುದಾದರೂ ಒಂದು ಹೆಸರು ಹೇಳಿದ್ದರೆ ಅಲ್ಲಿಗೆ ನಮ್ಮ ಅರ್ಜಿ ಮುಗಿಯುತ್ತಿತ್ತು. ಆ ಮನುಷ್ಯ ಯಾರ ಮನೆಗೂ ತನ್ನಿಂದ ತ್ರಾಸಾಗಬಾರದು ಎಂದು ಹೆಂಡತಿಯ ಕೈಯನ್ನೇ ಸುಳ್ಳು ಮಾಡಿದವರು. ಇಂದು ಅದೇ ಸುಳ್ಳನ್ನು ಉಳಿಸಬೇಕೆಂದರೆ, ಏನೂ ಅರಿಯದ ಇನ್ನೊಂದು ಮನೆಯನ್ನು ಎಳೆದು ತರಬೇಕಿತ್ತು.

"ಯಾರ ಹೆಸರ ಹೇಳ್ಲ್ರಿ?" ಎಂದರು ಕಡೆಗೆ. "ಅವ್ರೇನ್ ಮಾಡ್ಯಾರ್ರಿ ಪಾಪ. ಯಾರ ಮನ್ಯಾಗೂ ಅಲ್ರಿ. ಸಾವ್ಕಾರ್ರ ಮಷೀನಿನ್ಯಾಗ ಹೋತ್ರಿ. ಹಾನಗಲ್ಲ ಹೊಲದಾಗ. ಅವ್ರು ಹಂಗ ಹೇಳು ಅಂದ್ರು, ಹೇಳಿದ್ನಿ." ಆಮೇಲೆ ಯಜಮಾನನ ಕಡೆ ಕೈ ಮುಗಿದರು. "ತಪ್ಪ ತಿಳ್ಕೋಬ್ಯಾಡ್ರಿ ಸಾವ್ಕಾರ್ರ."

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದೇಶ ಅಕ್ಕನ ಪರವಾಗಿ ಬಂತು, ಕೈ ಕೆಲಸದ ಮೇಲೇ ಹೋಗಿದೆ ಎಂದು. ಯಜಮಾನ ಮೇಲಿನ ಕೋರ್ಟಿಗೆ ಹೋದ. ಯಂತ್ರ ಅವನ ಹೆಸರಿನಲ್ಲಿ ಇಲ್ಲವೇ ಇಲ್ಲ, ಸಂಬಂಧಿಕರದು ಎಂದು ಈಗಿನ ವಾದ. ತಾರೀಖಿನ ಮೇಲೆ ತಾರೀಖು ಬೀಳುತ್ತಿದೆ. ಅಕ್ಕನ ಕೈಗೆ ಇನ್ನೂ ಏನೂ ಬಂದಿಲ್ಲ. ಆದೇಶದ ಪ್ರತಿ ಓದಿ ಹೇಳಿದ ದಿನ ನಾನು, "ಅಕ್ಕಾ, ಸರ್ಕಾರ ಒಪ್ಪಿತು ನೋಡು," ಎಂದೆ. "ಒಪ್ಪಲಿ ಬಿಡು. ಓದಿ ಓದಿ ಹೊಟ್ಟಿ ತುಂಬಸ್ಕೊಳ್ಳೂಣು," ಎಂದಳು.

ಮಾವನನ್ನು ಯಾವ ಗ್ಯಾಂಗಿಗೂ ಕರೆಯುವುದಿಲ್ಲ. ಆಡಿದ ಮಾತಿಗೆ ತಪ್ಪಿದವನು ಎಂದು ಹೆಸರಾಗಿದೆ. ಚೀಲ ಹೊಲಿಯುವ ದಬ್ಬಣ ಹಿಡಿದು ಸವಣೂರಿನ ಪೇಟೆಗೆ ಹೋಗಿ ಕುಳಿತು ಬರುತ್ತಾರೆ. ನಾನು ಹೇಳಿದ ಅಂಗಡಿಯವರು ಮುಲಾಜಿಗೆ ಕೆಲಸ ಕೊಡುತ್ತಾರೆ. ಹಂಗಾಮಿನಲ್ಲಿ ಗ್ಯಾಂಗಿನ ಟಂಟಂ ಮುಂಜಾನೆ ಅಕ್ಕನ ಮನೆಯ ಮುಂದೆಯೇ ಹೋಗುತ್ತದೆ. ಮೊದಲು ಹೆಂಗಸರು ಕೂಗಿ ಮಾತಾಡಿಸುತ್ತಿದ್ದರು, ಈಗ ಗಾಡಿ ಅಲ್ಲಿಗೆ ಬಂದಾಗ ಮಾತು ನಿಲ್ಲಿಸುತ್ತಾರೆ. ಅಕ್ಕ ಆ ಹೊತ್ತಿಗೆ ಒಳಗೆ ಹೋಗುತ್ತಾಳೆ. ಅವಳ ಜಾಗದಲ್ಲಿ ತೆನೆ ಕೊಡಲು ಹೊಸಬಳೊಬ್ಬಳು ಬಂದಿದ್ದಾಳೆ. ಹೋದ ವರ್ಷ ಶಿಗ್ಗಾಂವಿಯ ಕಡೆ ಕಾಳು ನೋಡಲು ಹೋದಾಗ ಆ ಯಂತ್ರ ಕಂಡೆ. ಪಟ್ಟಾ ಬೋಳಾಗಿಯೇ ಓಡುತ್ತಿತ್ತು. ಆ ಹುಡುಗಿಗೆ ಹೇಳಲು ಹೋದೆ. ಯಂತ್ರದ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಮಾಡಿದಳೋ ತಿಳಿಯದು.

ಇಷ್ಟನ್ನು ಕಂಡವನಾಗಿ ನಿಮಗೆ ಹೇಳುವುದಿಷ್ಟು. ಯಂತ್ರದ ಕೆಲಸಕ್ಕೆ ಹೋಗುವವರು ತೋಳಿನ ಅಂಗಿ ಹಾಕಿದರೆ ಮಣಿಕಟ್ಟಿಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಳ್ಳಿ, ಸೆರಗು ಜಡೆ ಒಳಗೆ ಸೇರಿಸಿ. ಸಿಕ್ಕಿಕೊಂಡದ್ದನ್ನು ತೆಗೆಯಬೇಕಾದರೆ ಮೊದಲು ಟ್ರ್ಯಾಕ್ಟರ್ ಬಂದ್ ಮಾಡಿಸಿ; ಬೈದರೆ ಬೈಸಿಕೊಳ್ಳಿ. ಎಲ್ಲರ ಕಿಸೆಯಲ್ಲೂ ಈಗ ಮೊಬೈಲು ಇದೆ. ಹಂಗಾಮಿನ ಮೊದಲ ದಿನವೇ ನೀವು ಯಂತ್ರದ ಹತ್ತಿರ ನಿಂತ ಒಂದು ಫೋಟೋ ತೆಗೆಸಿಕೊಳ್ಳಿ, ಟ್ರ್ಯಾಕ್ಟರಿನ ನಂಬರ್ ಕಾಣುವ ಹಾಗೆ. ಜಾತ್ರೆಯ ಫೋಟೋ ಎಂದು ನಗುತ್ತಾ ತೆಗೆಸಿ, ಯಾರೂ ಬೇಡ ಎನ್ನುವುದಿಲ್ಲ. ನಮಗೆ ಅಂಥದ್ದೊಂದಿದ್ದರೆ ಅಷ್ಟು ಬಾಗಿಲು ಬಡಿಯಬೇಕಾಗಿರಲಿಲ್ಲ.

ಪೆಟ್ಟಾದರೆ ಡಾಕ್ಟರ ಮುಂದೆ ಊರು, ಹೊಲ, ಯಂತ್ರ, ಕೆಲಸ ಕೊಟ್ಟವರ ಹೆಸರು, ಇದ್ದದ್ದು ಇದ್ದ ಹಾಗೆ ಹೇಳಿ. ಪೊಲೀಸರಿಗೆ ತಿಳಿಯುತ್ತದೆ ಎಂದರೆ ನೀವು ಯಾರನ್ನೋ ಜೈಲಿಗೆ ಕಳಿಸಿದಿರಿ ಎಂದಲ್ಲ. ಮೊದಲ ದಿನ ತಪ್ಪು ಹೇಳಿಕೆ ಹೋಗಿದ್ದರೆ ಮರುದಿನವೇ ಹೋಗಿ ಸರಿ ಬರೆಸಿ. ತಡವಾದಷ್ಟೂ ಅದು ಗಟ್ಟಿಯಾಗುತ್ತದೆ. ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಡಲು ಗಡುವು ಇರುತ್ತದೆ, ಅದನ್ನು ಮೊದಲು ಕೇಳಿಕೊಳ್ಳಿ. ವಕೀಲರಿಗೆ ಕೊಡಲು ಇಲ್ಲದಿದ್ದರೆ ತಾಲ್ಲೂಕಿನ ಕೋರ್ಟಿನಲ್ಲಿ ಉಚಿತ ಕಾನೂನು ನೆರವಿನ ಕಚೇರಿ ಇದೆ, ಹೆಣ್ಣುಮಕ್ಕಳಿಗೆ ಆದಾಯ ಕೇಳದೆ ವಕೀಲರನ್ನು ಕೊಡುತ್ತಾರೆ. ರಾಜಿಗೆ ಕರೆದರೆ ಹೋಗಿ, ಆದರೆ ಅರ್ಜಿ ಹಾಕಿದ ಮೇಲೆ ಹೋಗಿ. ಬರಿಗೈಯಲ್ಲಿ ಕುಳಿತವನಿಗೆ ಯಾರೂ ದರ ಹೇಳುವುದಿಲ್ಲ.

ಗಾಡಿಯಲ್ಲಿ ಯಾರಾದರೂ "ಹಿಂಗ ಹೇಳು" ಎಂದರೆ ಹೌದು ಎನ್ನಬೇಡಿ, ಇಲ್ಲ ಎಂದು ಜಗಳಕ್ಕೂ ನಿಲ್ಲಬೇಡಿ. ಗಾಯದ ಮೇಲೆ ಬಟ್ಟೆ ಒತ್ತಿ ಹಿಡಿದು, "ಮೊದ್ಲ ಗಾಡಿ ಜೋರ ಬಿಡ್ರಿ" ಎನ್ನಿ. ಆಸ್ಪತ್ರೆ ಮುಟ್ಟುವ ತನಕ ಆ ಒಂದೇ ಮಾತು ಸಾಕು.